ಸೈಲೆನ್ಸರ್‌ಗೂ ಬೇಕು ಪರೀಕ್ಷೆಯ ಮುದ್ರೆ

ಅಬ್ಬರದ ಸೈಲೆನ್ಸರ್‌ಗಳನ್ನು ಬೈಕ್‌ಗಳಿಂದ ಬಿಚ್ಚಿಸಿ, ರಸ್ತೆಯ ಮೇಲೆ ಸಾಲಾಗಿ ಜೋಡಿಸಿ, ರೋಡ್ ರೋಲರ್ ಹರಿಸುವ ಕಾರ್ಯಾಚರಣೆ ರಾಜ್ಯದ ಹಲವು ನಗರಗಳಲ್ಲಿ ನಡೆದಿದೆ. ರಾತ್ರಿ ನಿದ್ದೆಗೆಟ್ಟವರು ಅದನ್ನು ಸ್ವಾಗತಿಸುವುದು ಸಹಜ. ಆದರೆ ಪುಡಿಯಾದ ಸೈಲೆನ್ಸರ್‌ನಂಥದ್ದೇ ಇನ್ನೊಂದು ಮರುದಿನ ಅಂಗಡಿಯಲ್ಲಿ ಸಿಗುತ್ತದೆ. ಹಾಕಿಸಿಕೊಂಡವನನ್ನಷ್ಟೇ ಹಿಡಿದು, ತಯಾರಿಸಿದವನನ್ನೂ ಮಾರಿದವನನ್ನೂ ಬಿಟ್ಟರೆ ಸದ್ದು ಅಡಗದು. ಅಂಗಡಿಗೆ ಬರುವ ಮೊದಲೇ ಸೈಲೆನ್ಸರ್ ಪರೀಕ್ಷೆ ದಾಟಿ ಮುದ್ರೆ ಪಡೆದಿರಬೇಕು.

ನಿಯಮಗಳಿಗೆ ಕೊರತೆಯಿಲ್ಲ. ಕಾರ್ಖಾನೆಯಿಂದ ಹೊರಬರುವ ಬೈಕ್‌ನ ಸದ್ದು 80ರಿಂದ 175 ಸಿಸಿವರೆಗೆ 77 ಡೆಸಿಬಲ್, ಅದಕ್ಕೂ ದೊಡ್ಡ ಎಂಜಿನ್‌ಗೆ 80 ಡೆಸಿಬಲ್ ಮೀರುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ಕಾನೂನು ಒಪ್ಪದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ತಯಾರಕರ ಮೂಲ ವಿನ್ಯಾಸಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಅದೇ ವರ್ಷ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಹೊಗೆ ತಪಾಸಣೆ ಕೇಂದ್ರದಲ್ಲಿ ಪೆಟ್ರೋಲ್ ಬೈಕ್‌ನ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆಯೇ ಹೊರತು ಸದ್ದನ್ನಲ್ಲ. ಸದ್ದು 80ರಿಂದ 90 ಡೆಸಿಬಲ್‌ಗೆ ಏರಿತೆಂದರೆ ಶಬ್ದಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ. ಇಷ್ಟು ದೊಡ್ಡ ಏರಿಕೆ ಯಾವ ದಾಖಲೆಗೂ ಸಿಗದೆ ಹೋಗುತ್ತಿದೆ.

ಹೀಗಿದ್ದೂ ಅಬ್ಬರದ ಸೈಲೆನ್ಸರ್‌ಗೆ ಬೇಡಿಕೆ ಏಕೆ? ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಇದರ ಬೇರು. ಎಂಜಿನ್ ಸುಟ್ಟ ಅನಿಲವನ್ನು ಅಲೆಅಲೆಯಾಗಿ ಹೊರದೂಡುತ್ತದೆ. ಒಂದು ಅಲೆ ಪೈಪಿನ ತುದಿ ಮುಟ್ಟಿದಾಗ ಕಡಿಮೆ ಒತ್ತಡದ ಇನ್ನೊಂದು ಅಲೆ ಹಿಂದಿರುಗುತ್ತದೆ. ವಾಲ್ವ್ ತೆರೆದಿರುವ ಸರಿಯಾದ ಗಳಿಗೆಗೆ ಅದು ತಲುಪಿದರೆ ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನು ಸೆಳೆದು, ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಪೈಪಿನ ಉದ್ದ, ವ್ಯಾಸಗಳನ್ನು ಲೆಕ್ಕ ಹಾಕುವುದು ಇದಕ್ಕಾಗಿಯೇ. ಮೋಟು, ಅಗಲ ಪೈಪು ಹಾಕಿದರೆ ಎಂಜಿನ್ ವೇಗದ ಮೇಲ್ತುದಿಯಲ್ಲಿ ಕೊಂಚ ಲಾಭವಾಗಬಹುದು. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವ ಬೈಕ್‌ಗೆ ಬೇಕಾದ ಕೆಳಹಂತದ ಎಳೆತ ಮಾತ್ರ ಕುಗ್ಗುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ಈ ವಿಷಯ ಇನ್ನೂ ಸೂಕ್ಷ್ಮವಾಗಿದೆ. ಪೈಪಿನೊಳಗಿನ ಆಕ್ಸಿಜನ್ ಸೆನ್ಸರ್ ಹೇಳಿದಂತೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಪೆಟ್ರೋಲ್ ಅಳೆದು ಕೊಡುತ್ತದೆ. ಸೆನ್ಸರ್‌ಗೆ ಮುಂಚಿನ ಜೋಡಣೆಯಲ್ಲಿ ಸಣ್ಣ ಸಂದಿಯಿದ್ದರೂ ಹೊರಗಿನ ಗಾಳಿ ನುಸುಳಿ, ಇಂಧನ ಸಾಲದೆಂದು ತಪ್ಪು ತಿಳಿದ ಇಸಿಯು ಹೆಚ್ಚು ಪೆಟ್ರೋಲ್ ಹರಿಸುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಕೇಳುವ ‘ಪಟ್ ಪಟ್’ ಸದ್ದನ್ನು ಹಲವರು ಗತ್ತೆಂದು ಮೆಚ್ಚುತ್ತಾರೆ. ಅದು ಬಹುಪಾಲು ಜೋಡಣೆಯ ಸೋರಿಕೆಯ ಅಥವಾ ತಪ್ಪಿದ ಮಿಶ್ರಣದ ಲಕ್ಷಣ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಬೆಂಡ್ ಪೈಪನ್ನೇ ಕಿತ್ತರೆ ವಿಷಾನಿಲ ಸೋಸುವ ವ್ಯವಸ್ಥೆಯೇ ಹೋದಂತೆ.

ಆದ್ದರಿಂದ ಆಯ್ಕೆಗೆ ಶಿಸ್ತು ಬೇಕು. ನಿರ್ದಿಷ್ಟ ಮಾದರಿಗೆಂದೇ ತಯಾರಾಗಿ, ಕನ್ವರ್ಟರ್ ಮತ್ತು ಸೆನ್ಸರ್ ಮುಟ್ಟದೆ ಹಿಂಭಾಗವನ್ನಷ್ಟೇ ಬದಲಿಸುವ ಸೈಲೆನ್ಸರ್ ಉತ್ತಮ. ಅದರೊಳಗೆ ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ಬಿಚ್ಚಲಾಗದಂತಿರಬೇಕು. ಜೋಡಿಸುವಾಗ ಗ್ಯಾಸ್ಕೆಟ್ ಹೊಸದಿರಬೇಕು. ಮೊದಲು ಎಲ್ಲ ಬೋಲ್ಟ್‌ಗಳನ್ನು ಸಡಿಲವಾಗಿ ಕೂರಿಸಿ, ಪೈಪು ತಾನಾಗಿ ನೇರ ನಿಂತ ಮೇಲೆ ಎಂಜಿನ್ ಕಡೆಯಿಂದ ಬಿಗಿಯುತ್ತ ಬರಬೇಕು. ಬ್ರಾಕೆಟ್‌ಗೆ ಸರಿಹೊಂದಲೆಂದು ಪೈಪನ್ನು ಬಲವಂತವಾಗಿ ಎಳೆದು ಕೂರಿಸಿದರೆ ಕಂಪನಕ್ಕೆ ವೆಲ್ಡಿಂಗ್ ಬಿರುಕು ಬಿಡುತ್ತದೆ. ಎಂಜಿನ್ ಒಮ್ಮೆ ಕಾದು ತಣ್ಣಗಾದ ಬಳಿಕ ಬೋಲ್ಟ್‌ಗಳನ್ನು ಮತ್ತೆ ಪರೀಕ್ಷಿಸಬೇಕು. ಇಷ್ಟೆಲ್ಲ ಎಚ್ಚರ ವಹಿಸುವ ಸವಾರನಿಗೂ, ಕಿವಿಗಡಚಿಕ್ಕುವ ಪೈಪಿನವನಿಗೂ ಇಂದು ರಸ್ತೆಯಲ್ಲಿ ಒಂದೇ ದಂಡದ ಭಯ. ಹೀಗಾದರೆ ಎಚ್ಚರ ವಹಿಸಿ ಏನು ಪ್ರಯೋಜನ?

ಯುರೋಪಿನಲ್ಲಿ ಬದಲಿ ಸೈಲೆನ್ಸರ್‌ಗಳಿಗೆಂದೇ ವಿಶ್ವಸಂಸ್ಥೆಯ ನಿಯಮಾವಳಿ 92 ಇದೆ. ಪರೀಕ್ಷೆ ದಾಟಿದ ಪೈಪಿನ ಮೇಲೆ ‘ಇ’ ಗುರುತು ಕೆತ್ತಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2013 ಮತ್ತು ನಂತರದ ಬೈಕ್‌ಗಳ ಸೈಲೆನ್ಸರ್ ಮೇಲೆ ಅಮೆರಿಕದ ಪರಿಸರ ಸಂಸ್ಥೆಯ ಶಬ್ದಮಿತಿ ಲೇಬಲ್ ಇರಲೇಬೇಕು. ಬಾಗಿ ನೋಡಿದರೆ ಪೊಲೀಸರಿಗೂ ಗ್ರಾಹಕರಿಗೂ ವಿಷಯ ತಿಳಿಯುತ್ತದೆ.

ನಮ್ಮ ಹೆಲ್ಮೆಟ್‌ಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಬದಲಿ ಸೈಲೆನ್ಸರ್‌ಗೂ ಅಂಥದ್ದೇ ಮುದ್ರೆ ಕಡ್ಡಾಯವಾಗಲಿ. ಮುದ್ರೆಯಿರುವುದನ್ನು ಸರಿಯಾಗಿ ಜೋಡಿಸಿದವರಿಗೆ ಕಾನೂನು ರಕ್ಷಣೆ ಕೊಡಲಿ, ಇಲ್ಲದ್ದನ್ನು ಮಾರುವವರಿಗೆ ಸವಾರನಿಗಿಂತ ಹೆಚ್ಚಿನ ದಂಡ ಬೀಳಲಿ. ಪೈಪಿನ ಬಾಯಿಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಕೋನದಲ್ಲಿ ಮಾಪಕ ಹಿಡಿದು ನಿಂತ ಬೈಕ್‌ನ ಸದ್ದು ಅಳೆಯುವ ವಿಧಾನ ಹೊಸದಲ್ಲ. ಹೊಗೆ ತಪಾಸಣೆಯ ಜೊತೆಗೇ ಅದನ್ನೂ ಸೇರಿಸಬಹುದು. ಸವಾರನ ಆಸೆಯನ್ನು ಅಪರಾಧವೆಂದು ಕಾಣದೆ, ಬೀದಿಯ ಜನರ ನೆಮ್ಮದಿಯನ್ನೂ ಬಲಿಗೊಡದೆ ನಡೆಯಲು ಇರುವ ದಾರಿ ಇದು. ಕೇಂದ್ರ ಸಾರಿಗೆ ಸಚಿವಾಲಯ ಇದನ್ನು ಕೈಗೆತ್ತಿಕೊಳ್ಳುವಂತೆ ರಾಜ್ಯ ಸರ್ಕಾರ ಒತ್ತಾಯಿಸಬೇಕು.