ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಮತ್ತು ಇಂಗಾಲ ಹೀರಿಕೆಯ ಲೆಕ್ಕ: ಹಾವೇರಿ ಜಿಲ್ಲೆಯ ಹಿನ್ನೆಲೆಯಲ್ಲಿ ಒಂದು ವಿಶ್ಲೇಷಣೆ

ರೈತರ ಜಮೀನುಗಳಲ್ಲಿ ಮರ ಬೆಳೆಸುವುದನ್ನು ಉತ್ತೇಜಿಸುವ ಉದ್ದೇಶದಿಂದ ರಾಜ್ಯದಲ್ಲಿ 2011-12ನೇ ಸಾಲಿನಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಆರಂಭಿಸಲಾಯಿತು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಿಂದ ರಿಯಾಯಿತಿ ದರದಲ್ಲಿ ಸಸಿ ಪಡೆದು ನೆಟ್ಟವರಿಗೆ, ಬದುಕುಳಿದ ಸಸಿಗಳ ಎಣಿಕೆಯ ಮೇಲೆ ಮೂರು ವರ್ಷ ಪ್ರೋತ್ಸಾಹಧನ ನೀಡುವುದು ಇದರ ಕ್ರಮ. ಕರ್ಜಗಿಯ ರೈತರು ವರದಾ ನದಿಯ ಆಸುಪಾಸಿನ ಹೊಲಗಳ ಬದುಗಳಲ್ಲಿ ನೆಡುವ ತೇಗ, ಹೆಬ್ಬೇವುಗಳು ಈಗ ಹವಾಮಾನ ನೀತಿಯ ಲೆಕ್ಕಕ್ಕೂ ಸೇರುತ್ತವೆ. ಅರಣ್ಯ ಹಾಗೂ ಮರಗಳ ಮೂಲಕ 2030ರೊಳಗೆ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಸಂಗ್ರಹವನ್ನು ನಿರ್ಮಿಸುವುದಾಗಿ ಭಾರತವು 2015ರಲ್ಲಿ ಘೋಷಿಸಿದೆ.

ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧಭಾಗ ಇಂಗಾಲ. ಒಂದು ಕಿಲೋ ಇಂಗಾಲವು 3.67 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆದುದರಿಂದ ಒಣತೂಕ 100 ಕಿಲೋ ಇರುವ ಮರವು ಸುಮಾರು 180 ಕಿಲೋ ಅನಿಲವನ್ನು ಹಿಡಿದಿಟ್ಟಿರುತ್ತದೆ. ಈ ಗಣಿತ ಸುಲಭ. ಹಿಡಿದಿಟ್ಟದ್ದು ಎಷ್ಟು ಕಾಲ ಉಳಿಯುತ್ತದೆ, ಅದಕ್ಕೆ ಯಾರ ನೆಲ ಬಳಕೆಯಾಯಿತು ಎಂಬುದನ್ನು ನಿರ್ಧರಿಸುವುದೇ ಕಷ್ಟ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಹಾಗೂ ಹರಿಹರ ಪಾಲಿಫೈಬರ್ಸ್ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಸ್ಥಾಪನೆಯಾಗಿ, ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ಮುಖ್ಯವಾಗಿ ನೀಲಗಿರಿ ಬೆಳೆಸಲು ಉದ್ದೇಶಿಸಲಾಯಿತು. ದನ ಮೇಯಿಸಲು, ಉರುವಲು ತರಲು ಗ್ರಾಮಸ್ಥರು ಆಶ್ರಯಿಸಿದ್ದ ಸಾಮೂಹಿಕ ಭೂಮಿಯೂ ಇದರಲ್ಲಿ ಸೇರಿತ್ತು. 1987ರ ನವೆಂಬರ್‌ನಲ್ಲಿ, ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. 1990ರ ದಶಕದ ಆರಂಭದಲ್ಲಿ ಕಂಪನಿಯನ್ನು ಮುಚ್ಚಲಾಯಿತು. ಆಗ ಇಂಗಾಲದ ಮಾತು ಯಾರಲ್ಲೂ ಇರಲಿಲ್ಲ. ಇಂದಿನ ಲೆಕ್ಕದಿಂದ ನೋಡಿದರೂ ಅಂತಹ ನೆಡುತೋಪಿನ ಫಲ ಸಂದೇಹಾಸ್ಪದವೇ: ಕೆಲವೇ ವರ್ಷಗಳಲ್ಲಿ ಕಡಿದು ತಿರುಳಾಗಿ, ನೂಲಾಗಿ ಮಾರ್ಪಟ್ಟ ಮರದ ಇಂಗಾಲವು ಬಹುಬೇಗ ಗಾಳಿಗೆ ಮರಳುತ್ತದೆ.

ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಪಾಠ ಇನ್ನೊಂದು ಬಗೆಯದು. 119 ಚದರ ಕಿಲೋಮೀಟರ್ ವಿಸ್ತಾರದ ಈ ಪ್ರದೇಶದ ಬಹುಭಾಗ ನೀಲಗಿರಿ ನೆಡುತೋಪು. ಕೃಷ್ಣಮೃಗಕ್ಕೂ, ಹಿಂದೆ ಇಲ್ಲಿ ಕಾಣಸಿಗುತ್ತಿದ್ದ ಎರೆಭೂತ ಹಕ್ಕಿಗೂ ಬೇಕಾದದ್ದು ಬಯಲು ಹುಲ್ಲುಗಾವಲು. ಹುಲ್ಲುಗಾವಲನ್ನು ಬಂಜರೆಂದು ಬಗೆದು ಮರ ನೆಡುವುದನ್ನು ಇಂಗಾಲದ ಹೆಸರಿನಲ್ಲಿ ಪುನರಾವರ್ತಿಸುವುದು ಸಮರ್ಥನೀಯವಲ್ಲ. ಹುಲ್ಲಿನ ಬೇರುಗಳೂ ಮಣ್ಣಿನಲ್ಲಿ ಇಂಗಾಲವನ್ನು ಕೂಡಿಡುತ್ತವೆ. ಅಂತರ್ಜಲದ ಕಾರಣದಿಂದ ರಾಜ್ಯ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಇತರ ವಿಧಾನಗಳೂ ಚರ್ಚೆಯಲ್ಲಿವೆ. ಗೋವಿನಜೋಳದ ದಂಟು, ಹತ್ತಿ ಕಟ್ಟಿಗೆಗಳನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲಾಗಿಸಿ ಮಣ್ಣಿಗೆ ಸೇರಿಸಿದರೆ ಅದರ ಇಂಗಾಲದ ದೊಡ್ಡ ಪಾಲು ದೀರ್ಘಕಾಲ ಉಳಿಯುತ್ತದೆ. ಆದರೆ ದಂಟು ದನಗಳ ಮೇವು, ಹತ್ತಿ ಕಟ್ಟಿಗೆ ಒಲೆಯ ಉರುವಲು. ಉಳಿಕೆ ಇದ್ದಲ್ಲಿ ಮಾತ್ರ ಇದು ಲಾಭದಾಯಕ. ಗಾಳಿಯಿಂದಲೇ ಅನಿಲವನ್ನು ಯಂತ್ರದ ಮೂಲಕ ಸೆಳೆಯುವ ಘಟಕವೊಂದು 2021ರಲ್ಲಿ ಐಸ್‌ಲ್ಯಾಂಡಿನಲ್ಲಿ ಆರಂಭಗೊಂಡಿತು. ಅದರ ಸಾಮರ್ಥ್ಯ ವರ್ಷಕ್ಕೆ 4,000 ಟನ್, ವೆಚ್ಚ ಮತ್ತು ವಿದ್ಯುತ್ ಬಳಕೆ ಅಪಾರ. ಜಗತ್ತಿನ ಹೊರಸೂಸುವಿಕೆಯಾದರೋ ವರ್ಷಕ್ಕೆ 3,500 ಕೋಟಿ ಟನ್ನಿಗೂ ಮಿಗಿಲು. ತಗ್ಗಿಸಲು ತೀರ ಕಷ್ಟವಾದ ಹೊರಸೂಸುವಿಕೆಯನ್ನು ಸರಿದೂಗಿಸಲು ಹೀರಿಕೆ ಅನಿವಾರ್ಯವೆಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ 2022ರಲ್ಲಿ ತಿಳಿಸಿದೆ. ಕಲ್ಲಿದ್ದಲು, ತೈಲಗಳ ಬಳಕೆ ತಗ್ಗಿಸುವುದಕ್ಕೆ ಅದು ಬದಲಿಯಲ್ಲ.

ಈ ದೃಷ್ಟಿಯಿಂದ ನೆಟ್ಟ ಸಸಿಗಳಿಗಿಂತ ಬದುಕುಳಿದ ಸಸಿಗಳನ್ನು ಎಣಿಸುವ ಕ್ರಮವು ಸರಿಯಾದುದೇ ಆಗಿದೆ. ಆದರೆ ಮೂರು ವರ್ಷಗಳ ಎಣಿಕೆ ಇಂಗಾಲದ ಮಟ್ಟಿಗೆ ಅಲ್ಪಾವಧಿ. ಅರ್ಜಿದಾರರು ಒಂದು ವ್ಯತ್ಯಾಸವನ್ನು ಗಮನಿಸತಕ್ಕದ್ದು. ಪ್ರೋತ್ಸಾಹಧನವು ಸಸಿಗೆ ಸಂಬಂಧಿಸಿದ್ದು, ಇಂಗಾಲದ ಬೆಲೆಯಲ್ಲ. ಕಾರ್ಬನ್ ಕ್ರೆಡಿಟ್ ಹೆಸರಿನಲ್ಲಿ ಖಾಸಗಿಯವರು ಪ್ರತ್ಯೇಕ ಕರಾರು ಮುಂದಿಟ್ಟಲ್ಲಿ ಅದರ ಅವಧಿ, ಮರ ಕಡಿಯುವ ಹಕ್ಕು, ಬೆಂಕಿ ಅಥವಾ ಬರದಿಂದ ಮರ ನಾಶವಾದರೆ ಹೊಣೆ ಯಾರದೆಂಬುದನ್ನು ಓದಿಸಿಕೊಂಡು ತಿಳಿದ ನಂತರವೇ ಸಹಿ ಮಾಡುವುದು. ಪ್ರೋತ್ಸಾಹಧನದ ಅರ್ಜಿಯನ್ನು ಪಹಣಿ ಹಾಗೂ ಬ್ಯಾಂಕ್ ಖಾತೆಯ ವಿವರಗಳೊಂದಿಗೆ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಸಲ್ಲಿಸತಕ್ಕದ್ದು.