ಗೃಹವಿಚಾರ: ನೀರಿಗಿಳಿಯುವ ಮುನ್ನ

ಗುತ್ತೂರು, ಹರಿಹರಗಳ ಗೃಹಸ್ಥರಿಗೆ ನೀರಿನ ವಿಷಯವನ್ನು ಹೊಸದಾಗಿ ಹೇಳಬೇಕಾದುದೇನಿದೆ? ತುಂಗಭದ್ರೆಯು ಊರ ಬಾಗಿಲಿನಲ್ಲಿಯೇ ಹರಿಯುತ್ತಿರುವಳು. ಪರ್ವಕಾಲದ ಸ್ನಾನಕ್ಕೂ, ಬಟ್ಟೆಯನ್ನೊಗೆಯುವುದಕ್ಕೂ, ಬೇಸಗೆಯಲ್ಲಿ ಹುಡುಗರ ಈಜಿಗೂ ಆಕೆಯೇ ಆಶ್ರಯ. ಆದರೆ ಬಹುದಿನದ ಪರಿಚಯವು ಭಯವನ್ನು ಕಳೆಯುವಂತೆ ಎಚ್ಚರಿಕೆಯನ್ನೂ ಕಳೆಯುವುದುಂಟು. ಆದಕಾರಣ ಈ ತಿಂಗಳು ದೂರದ ಕಡಲಿನ ಒಂದು ಸಾಹಸಕ್ರೀಡೆಯ ಕಟ್ಟುಪಾಡುಗಳನ್ನು ವಾಚಕರ ಮುಂದಿಟ್ಟು, ಅವುಗಳಿಂದ ನಮ್ಮ ಮನೆಗಳಿಗೆ ಸಲ್ಲುವ ಪಾಠವನ್ನು ವಿಚಾರಮಾಡೋಣ.

ಹಲಗೆಯ ಮೇಲೆ ನಿಂತು ಅಲೆಯನ್ನೇರುವ ಆಟವು ನಮ್ಮ ನಾಡಿಗೂ ಬಂದಿದೆ. ಮುಲ್ಕಿಯ ಸಮೀಪದ ಸಸಿಹಿತ್ಲಿನಲ್ಲಿ ಇದರ ರಾಷ್ಟ್ರೀಯ ಪಂದ್ಯಗಳು ನಡೆದಿವೆ. ಸಾಮಾನ್ಯ ಅಲೆಯನ್ನು ಸವಾರನು ಹಲಗೆಯ ಮೇಲೆ ಮಲಗಿ, ಕೈಗಳಿಂದ ನೀರನ್ನು ಹಿಂದೂಡುತ್ತ ಹೋಗಿ ಹಿಡಿಯುವನು. ಬಹು ದೊಡ್ಡ ಅಲೆಗಳ ವೇಗಕ್ಕಾದರೋ ಕೈಬಲವು ಸಾಲದು. 1990ರ ದಶಕದ ಆದಿಯಲ್ಲಿ ಹವಾಯಿ ದ್ವೀಪಗಳಲ್ಲಿ ಲೇರ್ಡ್ ಹ್ಯಾಮಿಲ್ಟನ್ ಮೊದಲಾದವರು, ಯಂತ್ರದ ದೋಣಿಗೆ ಕಟ್ಟಿದ ಹಗ್ಗವನ್ನು ಹಿಡಿದು, ಎಳೆಯಿಸಿಕೊಂಡು ಹೋಗಿ ಅಂತಹ ಅಲೆಗಳನ್ನೇರುವ ಕ್ರಮವನ್ನು ರೂಢಿಗೆ ತಂದರು. ಮುಂದೆ ಜೆಟ್ ಸ್ಕೀ ಎಂಬ ಸಣ್ಣ ವಾಹನವು ಈ ಕೆಲಸಕ್ಕೆ ಒದಗಿತು.

ಇಂತಹವರು ನಿಯಮಗಳನ್ನು ಲೆಕ್ಕಿಸರೆಂದು ತೋರಬಹುದು. ಸಂಗತಿಯು ಅದಕ್ಕೆ ವಿರುದ್ಧವಾಗಿದೆ. ಅವರಲ್ಲಿ ಒಂಟಿಯಾಗಿ ಹೋಗುವ ಮಾತೇ ಇಲ್ಲ. ಸವಾರನಿಗೊಬ್ಬ ಚಾಲಕನು ಜೊತೆಗಾರ. ಬಿದ್ದವನನ್ನು ಎತ್ತಿಕೊಳ್ಳುವ ಅಭ್ಯಾಸವು ಇಬ್ಬರಿಗೂ ಇರಬೇಕು. ಮುಳುಗಿದವನನ್ನು ಮಲಗಿಸಿಕೊಂಡು ಬರಲು ವಾಹನದ ಹಿಂದೆ ಹಿಡಿಗಳುಳ್ಳ ಮೆತ್ತನೆಯ ಹಾಸುಹಲಗೆಯನ್ನು ಕಟ್ಟಿರುವರು. ಚಾಲಕನಿಗೂ ಯಂತ್ರಕ್ಕೂ ನಡುವೆ ಒಂದು ಎಳೆ ಇರುವುದು. ಅವನು ಬಿದ್ದರೆ ಅದು ಕಳಚಿ ಯಂತ್ರವು ನಿಲ್ಲುವುದು. 2010ರಲ್ಲಿ ಶೇನ್ ಡೋರಿಯನ್ ಎಂಬ ಸವಾರನು ಕ್ಯಾಲಿಫೋರ್ನಿಯದ ಕಡಲಿನಲ್ಲಿ ಮುಳುಗಿ ಸಾವಿನ ದವಡೆಯಿಂದ ಪಾರಾದನು. ದಾರವನ್ನೆಳೆದೊಡನೆ ಅನಿಲದಿಂದ ಉಬ್ಬಿ ಮೇಲಕ್ಕೆತ್ತುವ ಅಂಗಿಯ ರಚನೆಗೆ ಈ ಪ್ರಸಂಗವೇ ಪ್ರೇರಣೆಯಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ನೀರನ್ನು ಚೆನ್ನಾಗಿ ಬಲ್ಲವರು ಇಷ್ಟೊಂದು ಸಲಕರಣೆಗಳನ್ನು ಧರಿಸುವರು. ಅಷ್ಟಾಗಿ ಅರಿಯದ ನಾವು ಬರಿಗೈಯಲ್ಲಿ ಇಳಿಯುವೆವು! ಇದರ ಫಲವನ್ನು ನಮ್ಮ ನಾಡು ಕಂಡಿದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ, ಮಿತಿಮೀರಿ ಜನರನ್ನು ಹೊತ್ತಿದ್ದ ದೋಣಿಯು ಮಗುಚಿ ಹದಿನೈದಕ್ಕೂ ಹೆಚ್ಚು ಮಂದಿ ಪ್ರಾಣವನ್ನು ಕಳೆದುಕೊಂಡರು. ಅವರು ಸಾಹಸಕ್ಕೆಂದು ಹೋದವರಲ್ಲ. ದೇವರ ದರ್ಶನಕ್ಕೆಂದು ಹೋದ ಸಂಸಾರಸ್ಥರು.

ನಮ್ಮ ಹೊಳೆಯ ಹರಿಗೋಲು ಪುರಾತನವಾದುದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು, ಚರ್ಮವನ್ನು ಹೊದಿಸಿದ ಈ ಬುಟ್ಟಿದೋಣಿಗಳು ಹದಿನೈದು ಇಪ್ಪತ್ತು ಜನರನ್ನು ದಾಟಿಸುವುದನ್ನು ವರ್ಣಿಸಿರುವನು. ಅದಕ್ಕೆ ಅಡಿಗಟ್ಟಿಲ್ಲವಾದುದರಿಂದ ಎಲ್ಲರೂ ಒಂದೇ ಪಕ್ಕಕ್ಕೆ ವಾಲಿದರೆ ನೀರು ಒಳನುಗ್ಗುವುದು. ಆದುದರಿಂದ ಏರಿದವರು ಅಂಚಿನ ಸುತ್ತ ಸಮನಾಗಿ ಕುಳಿತಿರತಕ್ಕದ್ದು, ನಡುಹೊಳೆಯಲ್ಲಿ ಎದ್ದು ನಿಲ್ಲಲಾಗದು. ಅಂಬಿಗನು ಸಾಕೆಂದ ಮೇಲೆ ಒಬ್ಬ ಬಂಧುವಿಗಾಗಿಯೂ ಒತ್ತಾಯಿಸಬಾರದು.

ಇನ್ನು ಮನೆಯವರು ನೆನಪಿನಲ್ಲಿಡತಕ್ಕ ಮಾತುಗಳು.

ಮೊದಲನೆಯದು: ಇಲ್ಲಿ ಮಳೆಯಿಲ್ಲವೆಂದು ಹೊಳೆಯನ್ನು ನಂಬಬೇಡಿರಿ. ಗಾಜನೂರಿನಲ್ಲಿ ತುಂಗೆಗೂ ಲಕ್ಕವಳ್ಳಿಯಲ್ಲಿ ಭದ್ರೆಗೂ ಅಣೆಕಟ್ಟುಗಳಿವೆ. ಅಲ್ಲಿ ನೀರನ್ನು ಬಿಟ್ಟರೆ ಕೂಡಲಿಯ ಸಂಗಮವನ್ನು ದಾಟಿ ನಮ್ಮಲ್ಲಿಯೂ ಹೊಳೆ ಏರುವುದು. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣವು.

ಎರಡನೆಯದು: ಜೀವರಕ್ಷಕ ಅಂಗಿಯು ಮೈತೂಕಕ್ಕೆ ತಕ್ಕುದಾಗಿರಲಿ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಹೆಗಲ ಬಳಿ ಹಿಡಿದು ಮೇಲಕ್ಕೆಳೆದು ನೋಡಿರಿ. ಕಿವಿಯವರೆಗೆ ಬಂದರೆ ಅದು ಸಡಿಲ. ಮಕ್ಕಳದಕ್ಕೆ ತೊಡೆಗಳ ನಡುವಣ ಪಟ್ಟಿಯೂ ಬೇಕು. ಗಾಳಿ ತುಂಬಿದ ಆಟದ ಬಳೆಯನ್ನು ರಕ್ಷಣೆಯೆಂದು ಎಣಿಸಬಾರದು. ಮಲ್ಪೆ, ಮುರ್ಡೇಶ್ವರಗಳ ಪ್ರವಾಸದಲ್ಲಿ ಮಕ್ಕಳು ಜೆಟ್ ಸ್ಕೀಯನ್ನು ಬಯಸಿದರೆ, ದರವನ್ನು ಕೇಳುವ ಮೊದಲು ಅಂಗಿಯನ್ನು ಕೇಳಿರಿ.

ಮೂರನೆಯದು: ಮುಳುಗುವವನನ್ನು ಕಂಡು ಹಾರಬೇಡಿರಿ. ಆತನು ಗಾಬರಿಯಲ್ಲಿ ತಬ್ಬಿದರೆ ಈಜುಬಲ್ಲವನೂ ಉಳಿಯನು. ಹಿಂದೆ ಈಜು ಕಲಿಸುವವರು ಒಣಸೋರೆಯ ಬುರುಡೆಯನ್ನು ಕಟ್ಟುತ್ತಿದ್ದುದು ನೆನಪಿರಬಹುದು. ಬಾಯಿ ಬಿಗಿದ 5 ಲೀಟರಿನ ಖಾಲಿ ಡಬ್ಬಿಯೊಂದು ಸುಮಾರು 5 ಕಿಲೋಗ್ರಾಂ ಭಾರವನ್ನು ಎತ್ತಿಹಿಡಿಯುವುದು. ನೀರಿನಲ್ಲಿರುವ ಮನುಷ್ಯನ ತಲೆಯನ್ನು ಮೇಲಿಡಲು ಪ್ರಾಯಶಃ ಅಷ್ಟೇ ಸಾಕು. ಅದನ್ನು ಹಗ್ಗಕ್ಕೆ ಕಟ್ಟಿ ಎಸೆಯಿರಿ. ಕೋಲು, ಸೀರೆ, ಪಂಚೆ ಯಾವುದಾದರೂ ಸರಿ.

ನಾಲ್ಕನೆಯದು: ದಡಕ್ಕೆ ತಂದವನನ್ನು ತಲೆಕೆಳಗು ಮಾಡುವುದೂ ಹೊಟ್ಟೆಯನ್ನೊತ್ತುವುದೂ ಕೂಡದು. ಉಸಿರಿಲ್ಲದಿದ್ದರೆ ಕೂಡಲೇ ಬಾಯಿಂದ ಬಾಯಿಗೆ ಉಸಿರನ್ನಿತ್ತು, ಎದೆಯ ನಡುವೆ ಒತ್ತಬೇಕು. ಇನ್ನೊಬ್ಬರು 112 ಅಥವಾ 108ನ್ನು ಕರೆಯಲಿ. ಈ ವಿಧಾನವನ್ನು ಮನೆಗೊಬ್ಬರಾದರೂ ತಿಳಿದವರಿಂದ ಕಲಿತಿರುವುದು ಲೇಸು.

ಸ್ನಾನಘಟ್ಟದ ಕಂಬವೊಂದಕ್ಕೆ ಹದಿನೈದು ಮೀಟರಿನ ಹಗ್ಗ, ಅದರ ತುದಿಗೊಂದು ಮುಚ್ಚಿದ ಡಬ್ಬಿ: ಇದಕ್ಕೆ ಸರಕಾರದ ಅಪ್ಪಣೆಯೂ ಬೇಡ, ಶ್ರೀಮಂತರ ದಾನವೂ ಬೇಡ. ಕೇರಿಯ ನಾಲ್ಕು ಮನೆಯವರು ಕೂಡಿದರೆ ಒಂದು ಸಂಜೆಯ ಕೆಲಸ. ಬೇಸಗೆಯ ರಜೆ ಬರುವ ಮೊದಲೇ ಅದು ಅಲ್ಲಿ ತೂಗಲಿ.