ಏಳೂವರೆ ಕೋಟಿಯ ಕಾರು ಮತ್ತು ಕೊಡಗಿನ ರಸ್ತೆ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಕೆಂಪು ಬಣ್ಣದ ಒಂದು ಫೆರಾರಿ ಕಾರನ್ನು ತಡೆದರು. ಅದರ ಬೆಲೆ ಸುಮಾರು 7.5 ಕೋಟಿ ರೂಪಾಯಿ. ನೋಂದಣಿಯಾದದ್ದು ಮಹಾರಾಷ್ಟ್ರದಲ್ಲಿ, ಓಡಾಟ ಕರ್ನಾಟಕದಲ್ಲಿ. ಕೊನೆಗೆ ಅದರ ಮಾಲಕರು ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿಯೂ ರಾಜಧಾನಿಯಲ್ಲಿ ತೆರಿಗೆ ವಂಚಿಸಿದ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಳ್ಳಲಾಗಿತ್ತು. ಕೋಟಿಗಟ್ಟಲೆ ಸುರಿದು ಕಾರು ಕೊಳ್ಳಬಲ್ಲವರಿಗೆ, ಆ ಕಾರು ಓಡುವ ರಸ್ತೆಗೆ ಸಲ್ಲಬೇಕಾದ ಹಣ ಮಾತ್ರ ಭಾರವಾಗುವುದೇಕೆ?

ಕೊಡಗಿನ ಓದುಗರಿಗೆ ಇದು ದೂರದ ಸುದ್ದಿಯಾಗಿ ಕಾಣಬಹುದು. ಆದರೆ ಕಳೆದ ಕೆಲವು ವರ್ಷಗಳಿಂದ ಇಲ್ಲಿನ ಹವೆಯೂ ಬದಲಾಗಿದೆ. 2024-25ರಲ್ಲಿ ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೇರಿತು. ತೋಟದವರ ಕೈಯಲ್ಲೂ ವ್ಯಾಪಾರಿಗಳ ಕೈಯಲ್ಲೂ ನಾಲ್ಕು ಕಾಸು ಸೇರಿತು. ಮಡಿಕೇರಿ, ವಿರಾಜಪೇಟೆ, ಸುಂಟಿಕೊಪ್ಪ, ಸಿದ್ದಾಪುರಗಳ ಅನೇಕ ಮನೆಗಳಿಗೆ ಕೊಲ್ಲಿಯ ದುಡಿಮೆಯ ಆಸರೆ ಮೊದಲೇ ಇತ್ತು. ದುಬೈಯ ಬೀದಿಗಳಲ್ಲಿ ಸೂಪರ್‌ಕಾರುಗಳನ್ನು ದಿನವೂ ಕಾಣುವ ಯುವಕನಿಗೆ ಊರಿನಲ್ಲೂ ಅಂತಹದೇನಾದರೂ ಬೇಕೆನಿಸಿದರೆ ಆಶ್ಚರ್ಯವಿಲ್ಲ. ಫೆರಾರಿ ಅಲ್ಲದಿದ್ದರೆ ಅದಕ್ಕಿಂತ ಕೆಳಗಿನ ಇನ್ನೊಂದು. ಬೆಲೆ ಬೇರೆಯಾದರೂ ಆಸೆಯ ಜಾತಿ ಒಂದೇ. ಆದ್ದರಿಂದ ಶ್ರೀಮಂತರು ಇಂತಹ ಕಾರನ್ನು ಸಮರ್ಥಿಸಲು ಬಳಸುವ ಮೂರು ವಾದಗಳನ್ನು ನಾವು ತೂಗಿ ನೋಡುವುದು ಒಳಿತು. ಅಪರೂಪತೆ, ತಂತ್ರಜ್ಞಾನ ಮತ್ತು ಮರುಮಾರಾಟದ ಬೆಲೆ ಎಂಬುವೇ ಆ ಮೂರು.

ಮೊದಲನೆಯದು ಅಪರೂಪತೆ. 2013ರಲ್ಲಿ ಫೆರಾರಿ ಕಂಪೆನಿಯು ಲಾಫೆರಾರಿ ಎಂಬ ಹೈಬ್ರಿಡ್ ಕಾರನ್ನು ಪರಿಚಯಿಸಿ ಅದನ್ನು 499ಕ್ಕೆ ಸೀಮಿತಗೊಳಿಸಿತು. ಬಳಿಕ ಇನ್ನೊಂದನ್ನು ತಯಾರಿಸಿ 2016ರ ಡಿಸೆಂಬರ್‌ನಲ್ಲಿ ಹರಾಜಿಗಿಟ್ಟಾಗ ಅದಕ್ಕೆ 70 ಲಕ್ಷ ಡಾಲರ್ ಬಂತು. ಆ ಹಣ ಮಧ್ಯ ಇಟಲಿಯ ಭೂಕಂಪ ಸಂತ್ರಸ್ತರ ಪುನರ್ವಸತಿಗೆ ಹೋಯಿತು. ಇಲ್ಲೊಂದು ಪಾಠವಿದೆ. ಅಪರೂಪತೆಯೆಂಬುದು ಕಬ್ಬಿಣದಲ್ಲಿಲ್ಲ, ನೋಡುವವರ ಕಣ್ಣಿನಲ್ಲಿದೆ. ಆ ಕಣ್ಣಿನ ಬೆರಗನ್ನು ಮನೆ ಕಳೆದುಕೊಂಡವರ ಸೂರಾಗಿಯೂ ಪರಿವರ್ತಿಸಬಹುದು, ಮದುವೆ ಮೆರವಣಿಗೆಯ ಅರ್ಧ ಗಂಟೆಯ ಗದ್ದಲವಾಗಿಯೂ ಮುಗಿಸಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ, ತೋಟ ಕಳೆದುಕೊಂಡವರನ್ನು ಕಂಡ ಜಿಲ್ಲೆಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ.

ಎರಡನೆಯದು ತಂತ್ರಜ್ಞಾನ. ಹೈಬ್ರಿಡ್ ಎಂದೊಡನೆ ಪರಿಸರಸ್ನೇಹಿ ಎಂದು ನಂಬುವವರಿದ್ದಾರೆ. 2019ರಲ್ಲಿ ಬಂದ ಫೆರಾರಿ ಎಸ್‌ಎಫ್90ರಲ್ಲಿ ನಾಲ್ಕು ಲೀಟರ್‌ನ ವಿ8 ಎಂಜಿನ್‌ಗೆ ಮೂರು ವಿದ್ಯುತ್ ಮೋಟಾರುಗಳನ್ನು ಜೋಡಿಸಲಾಗಿದೆ. ಒಟ್ಟು ಸಾಮರ್ಥ್ಯ ಸಾವಿರ ಅಶ್ವಶಕ್ತಿ. ಆದರೆ ಕೇವಲ ಬ್ಯಾಟರಿಯಿಂದ ಅದು ಕ್ರಮಿಸುವುದು ಹೆಚ್ಚೆಂದರೆ 25 ಕಿಲೋಮೀಟರ್. ಅಂದರೆ ಇಲ್ಲಿ ವಿದ್ಯುತ್ ಬಂದಿರುವುದು ಮುಖ್ಯವಾಗಿ ಪೆಟ್ರೋಲ್ ಉಳಿಸುವುದಕ್ಕಲ್ಲ, ವೇಗ ಹೆಚ್ಚಿಸುವುದಕ್ಕೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ, ಮಳೆಗಾಲದ ಹೊಂಡಗಳಲ್ಲಿ, ನೆಲಕ್ಕೆ ತಾಗುವಂತಿರುವ ಅದರ ಹೊಟ್ಟೆಯನ್ನಿಟ್ಟುಕೊಂಡು ಆ ವೇಗವನ್ನು ಏನು ಮಾಡುವುದು?

ಇದೇ ತಂತ್ರಜ್ಞಾನ ಬೇರೊಂದು ಉದ್ದೇಶದೊಂದಿಗೆ ನಮ್ಮ ರಾಜ್ಯದಲ್ಲಿಯೇ ತಯಾರಾಗುತ್ತಿದೆ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2022ರಲ್ಲಿ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗಳು ಹೊರಬಂದವು. ಘಾಟಿ ಇಳಿಯುವಾಗ ಬ್ರೇಕಿನಲ್ಲಿ ವ್ಯರ್ಥವಾಗುವ ಶಕ್ತಿಯನ್ನು ಇವು ಬ್ಯಾಟರಿಗೆ ಮರಳಿಸಿ, ಮುಂದಿನ ಏರಿನಲ್ಲಿ ಎಂಜಿನ್‌ಗೆ ನೆರವಾಗುತ್ತವೆ. ಆದರೆ ಇಲ್ಲಿಯೂ ವಿವೇಚನೆ ಬೇಕು. ಹನ್ನೊಂದು ತಿಂಗಳು ಕೊಲ್ಲಿಯಲ್ಲಿದ್ದು ಒಂದು ತಿಂಗಳು ಊರಿಗೆ ಬರುವವನ ಶೆಡ್ಡಿನಲ್ಲಿ ನಿಂತೇ ಇರುವ ಹೈಬ್ರಿಡ್ ಏನನ್ನೂ ಉಳಿಸುವುದಿಲ್ಲ. ತಿಂಗಳುಗಟ್ಟಲೆ ನಿಂತರೆ ಬ್ಯಾಟರಿಗೇ ಕೇಡು. ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜಿನ ತಂತಿಗಳನ್ನು ಊರಿನ ಗ್ಯಾರೇಜಿನಲ್ಲಿ ಬಿಚ್ಚುವಂತಿಲ್ಲ. ತರಬೇತಾದವರು ಎಷ್ಟು ದೂರದಲ್ಲಿದ್ದಾರೆಂದು ಕೊಳ್ಳುವ ಮೊದಲೇ ಕೇಳಬೇಕು.

ಮೂರನೆಯದು ಮರುಮಾರಾಟದ ಬೆಲೆ. ‘ಇದು ಖರ್ಚಲ್ಲ, ಹೂಡಿಕೆ’ ಎಂಬ ಮಾತನ್ನು ಮಾರುವವರು ಸದಾ ಹೇಳುತ್ತಾರೆ. ಸಂಖ್ಯೆ ಸೀಮಿತವಾಗಿದ್ದ ಲಾಫೆರಾರಿಯ ಬೆಲೆ ಏರಿದ್ದು ನಿಜ. ಸಂಖ್ಯೆಯ ಮಿತಿಯಿಲ್ಲದೆ ತಯಾರಾದ ಎಸ್‌ಎಫ್90 ವಿದೇಶಿ ಮಾರುಕಟ್ಟೆಗಳಲ್ಲಿ ಮೂಲಬೆಲೆಗಿಂತ ಸಾಕಷ್ಟು ಕಡಿಮೆಗೆ ಕೈ ಬದಲಾಯಿಸಿತು. ಹಳೆಯ ಎಂಜಿನ್ನನ್ನು ಕುಶಲ ಮೆಕ್ಯಾನಿಕ್ ಪುನಃ ಕಟ್ಟಬಲ್ಲ, ಬ್ಯಾಟರಿಗಾದರೋ ಆಯುಷ್ಯವಿದೆ. ಜೊತೆಗೆ ವಿದೇಶಿ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಆಮದು ಸುಂಕದ್ದು. ಯುರೋಪಿಯನ್ ಒಕ್ಕೂಟದೊಂದಿಗಿನ ವ್ಯಾಪಾರ ಒಪ್ಪಂದದ ಮಾತುಕತೆ 2026ರ ಜನವರಿಯಲ್ಲಿ ಮುಗಿದಿದ್ದು, ಕಾರಿನ ಸುಂಕವನ್ನು ಹಂತಹಂತವಾಗಿ ಇಳಿಸಲು ಅದರಲ್ಲಿ ಸಮ್ಮತಿಯಾಗಿದೆ. ಸುಂಕ ಇಳಿದಂತೆ ಹೊಸ ಕಾರು ಅಗ್ಗವಾಗುತ್ತದೆ, ಹಳೆಯದರ ಬೆಲೆಯೂ ಅದರೊಂದಿಗೆ ಜಾರುತ್ತದೆ. ಇದನ್ನು ಹೂಡಿಕೆಯೆನ್ನುವುದು ಹೇಗೆ?

ನೆರೆಯ ಕೇರಳದಿಂದ ಬಂದ ಇನ್ನೊಂದು ಎಚ್ಚರಿಕೆಯೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್ ಇಲಾಖೆಯು ‘ನುಂಖೋರ್’ ಎಂಬ ಕಾರ್ಯಾಚರಣೆಯಲ್ಲಿ, ಭೂತಾನ್ ಮಾರ್ಗವಾಗಿ ಅಕ್ರಮವಾಗಿ ಬಂದವೆನ್ನಲಾದ ವಾಹನಗಳನ್ನು ಹುಡುಕಿ ವಶಪಡಿಸಿಕೊಂಡಿತು. ಮಾಕುಟ್ಟ ದಾಟಿದರೆ ಕಣ್ಣೂರು. ಅತ್ತಲ ಕಡಿಮೆ ಬೆಲೆಯ ಮಾತು ಇತ್ತ ತಲಪಲು ಹೊತ್ತು ಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ವಿಧಿಯಂತೆ ಹೊರರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿರಿಸಿಕೊಂಡರೆ ಹೊಸ ನೋಂದಣಿ ಕಡ್ಡಾಯ. ಕಾಗದಪತ್ರ ಸರಿಯಿಲ್ಲದ ಕಾರಿಗೆ ಮರುಮಾರಾಟದ ಬೆಲೆಯೇ ಇಲ್ಲ. ಅದು ಇರುವುದು ಠಾಣೆಯ ಅಂಗಳಕ್ಕೆ ಮಾತ್ರ.

ಈ ಮೂರರ ಜೊತೆಗೆ, ಮಾರುವವರು ಹೇಳದ ನಾಲ್ಕನೆಯ ಮಾನದಂಡವೊಂದಿದೆ. ಅದು ಹೊಣೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 18ರ ಆಜೀವ ತೆರಿಗೆ, ಮೇಲೆ ಸೆಸ್. 25 ಲಕ್ಷದ ಕಾರಿಗೆ ಇದೊಂದೇ ನಾಲ್ಕೂವರೆ ಲಕ್ಷ ದಾಟುತ್ತದೆ. ಇದನ್ನು ತಪ್ಪಿಸಲು ಪುದುಚೇರಿಯ ಸುಳ್ಳು ವಿಳಾಸ ಹುಡುಕುವವನು ಜಾಣನೆನಿಸಿಕೊಳ್ಳಬಹುದು. ಆದರೆ ಅವನು ತಪ್ಪಿಸಿದ ಪ್ರತಿಯೊಂದು ರೂಪಾಯಿಯನ್ನು ರೈಲೇ ಇಲ್ಲದ ಈ ಜಿಲ್ಲೆಯಲ್ಲಿ ಬಸ್ಸನ್ನೇ ನಂಬಿರುವ ತೋಟ ಕಾರ್ಮಿಕ, ಹೆರಿಗೆ ನೋವಿನಲ್ಲಿ ಆಸ್ಪತ್ರೆಗೆ ಹೊರಟ ತಾಯಿ ತೆರುತ್ತಾರೆ. ತೆರಿಗೆ ಕಳ್ಳತನವೂ ಕಳ್ಳತನವೇ ಎಂಬುದರಲ್ಲಿ ಎರಡು ಮಾತಿಲ್ಲ.

ಒಳ್ಳೆಯ ವಾಹನ ಕೊಳ್ಳುವುದು ತಪ್ಪಲ್ಲ. ಅನುಗ್ರಹವನ್ನು ಅನುಭವಿಸಲು ಯಾರ ಅಪ್ಪಣೆಯೂ ಬೇಡ. ದುಂದು ಮತ್ತು ಬಡಾಯಿಯೇ ನಮ್ಮ ತಕರಾರು. ಕಾಫಿಯ ಬೆಲೆ ಏರಿದಂತೆ ಇಳಿಯುವುದನ್ನೂ ಬಲ್ಲದು. ಕೊಲ್ಲಿಯ ಕೆಲಸಕ್ಕೆ ಖಾತರಿಯಿಲ್ಲ. ಬಡ್ಡಿಯ ಕಂತು ಮಾತ್ರ ಯಾವ ತಿಂಗಳೂ ತಪ್ಪುವುದಿಲ್ಲ. ಆದ್ದರಿಂದ ಮನೆಯವರೆಲ್ಲ ಕೂಡಿ ಕುಳಿತು ಕೇಳಿಕೊಳ್ಳಲಿ: ಈ ಕಾರು ವರ್ಷದಲ್ಲಿ ಎಷ್ಟು ದಿನ ಓಡುತ್ತದೆ? ಸಾಲವಿಲ್ಲದೆ ಕೊಳ್ಳಬಹುದೇ? ತೆರಿಗೆ ಪೂರ್ತಿ ಕಟ್ಟಿದ ಮೇಲೂ ಮಗಳ ಕಾಲೇಜಿನ ಹಣ ಉಳಿದಿದೆಯೇ? ಯಾರೂ ನೋಡದಿದ್ದರೂ ಇದನ್ನೇ ಕೊಳ್ಳುತ್ತಿದ್ದೆವೇ? ಕೊನೆಯ ಪ್ರಶ್ನೆಗೆ ಹೌದೆನ್ನಲು ನಾಲಗೆ ತಡವರಿಸಿದರೆ, ಆ ಹಣಕ್ಕೆ ಇದಕ್ಕಿಂತ ಉತ್ತಮ ದಾರಿಯಿದೆ ಎಂದೇ ಅರ್ಥ.